ತೆರೆಯ ಮೇಲಿನ ಕೋಶಕ್ಕೊಂದು ಗಡಿಯಾರ ಬೇಕು

1909ರಲ್ಲಿ ಝಾಂ ಕೊಮಾಂದೋ ಪಾಥೆ ಕಂಪನಿಯ ನೆರವಿನಿಂದ ಸಿಫಿಲಿಸ್ ರೋಗಾಣುಗಳ ಓಡಾಟವನ್ನು ಚಿತ್ರೀಕರಿಸಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ತೋರಿಸಿದರು. ಅಲ್ಲಿಂದ ಇಲ್ಲಿಯವರೆಗಿನ ದಾರಿಯನ್ನು ತಿರುಗಿ ನೋಡಿದರೆ, ಸಲಕರಣೆಯಲ್ಲಿ ಸೂಕ್ಷ್ಮದರ್ಶಕದ ಸಿನಿಮಾ ಬಹಳ ಮುಂದೆ ಬಂದಿದೆ. ತೋರಿಸುವ ಶಿಸ್ತು ಅಷ್ಟು ಬೆಳೆದಿಲ್ಲ.

ಈ ಸಿನಿಮಾಗಳು ಅಲಂಕಾರಕ್ಕೆ ಹುಟ್ಟಿದವಲ್ಲ. ಕೋಶ ವಿಭಜನೆಯಾಗುವಾಗ ಕ್ರೋಮೋಸೋಮುಗಳನ್ನು ಎಳೆಯುವ ನಾರುಗಳು ನಿಜವೇ, ಕೋಶವನ್ನು ಕೊಂದು ಬಣ್ಣ ಹಾಕಿದ್ದರಿಂದ ಮೂಡಿದ ಭ್ರಮೆಯೇ ಎಂಬ ಜಗಳ ಬಹುಕಾಲ ನಡೆದಿತ್ತು. 1950ರ ದಶಕದ ಆರಂಭದಲ್ಲಿ ಶಿನ್ಯಾ ಇನೊಯೆ ಧ್ರುವೀಕೃತ ಬೆಳಕಿನಲ್ಲಿ, ಜೀವಂತ ಕೋಶದೊಳಗೇ ಅವನ್ನು ತೋರಿಸಿದರು. ಅದೇ ದಶಕದಲ್ಲಿ ಡೇವಿಡ್ ರೋಜರ್ಸ್ ತೆಗೆದ, ಬಿಳಿ ರಕ್ತಕಣವೊಂದು ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುವ ತುಣುಕನ್ನು ಮೇಷ್ಟರುಗಳು ಇಂದಿಗೂ ತರಗತಿಯಲ್ಲಿ ಹಾಕುತ್ತಾರೆ.

1997ರಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಇಮೇಜ್‌ಜೆ ತಂತ್ರಾಂಶವನ್ನು ಉಚಿತವಾಗಿ ಹಂಚಿದ ಮೇಲೆ ರೀಲು, ಕತ್ತರಿಯ ಗೋಜು ತಪ್ಪಿತು. ಸಾವಿರ ಚಿತ್ರಗಳ ಸ್ಟ್ಯಾಕ್ ಈಗ ನಿಮಿಷಗಳಲ್ಲಿ ವಿಡಿಯೊ. ಬಡ ಪ್ರಯೋಗಾಲಯಗಳಿಗೂ ದಕ್ಕಿದ ಈ ಸಂಪತ್ತನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಕಳೆದುಕೊಳ್ಳುತ್ತಿರುವುದು ಕಾಲದ ಲೆಕ್ಕವನ್ನು. ಐದು ನಿಮಿಷಕ್ಕೊಂದರಂತೆ ಒಂದು ದಿನ ತೆಗೆದರೆ 288 ಚಿತ್ರ. ಸೆಕೆಂಡಿಗೆ 12ರಂತೆ ಓಡಿಸಿದರೆ 24 ಸೆಕೆಂಡಿನ ಸಿನಿಮಾ. ಅಂದರೆ ತೆರೆಯ ಒಂದು ಸೆಕೆಂಡಿನಲ್ಲಿ ಕೋಶದ ಒಂದು ಗಂಟೆ ಕಳೆದಿರುತ್ತದೆ. ಗಂಟೆಗೆ ಕೆಲವು ಹತ್ತು ಮೈಕ್ರೋಮೀಟರ್ ತೆವಳುವ ಫೈಬ್ರೊಬ್ಲಾಸ್ಟ್, ನಿಮಿಷಕ್ಕೇ ಹತ್ತು ಮೈಕ್ರೋಮೀಟರಿನಷ್ಟು ಸಾಗಬಲ್ಲ ಬಿಳಿ ರಕ್ತಕಣ, ಚಿತ್ರ ತೆಗೆಯುವ ಅಂತರವನ್ನು ಅದಕ್ಕೆ ತಕ್ಕಂತೆ ಬದಲಿಸಿದರೆ ಎರಡೂ ಪ್ರೇಕ್ಷಕನ ಕಣ್ಣಿಗೆ ಒಂದೇ ಓಟ. ಮೂಲೆಯಲ್ಲಿ ಗಡಿಯಾರ, ಅಳತೆಪಟ್ಟಿ ಇಲ್ಲದ ವಿಡಿಯೊ ಹಾಕಿ ವೇಗದ ಬಗ್ಗೆ ಮಾತಾಡುವುದು ಸರಿಯಲ್ಲ. ಅದನ್ನು ಒಪ್ಪಿ ಚಪ್ಪಾಳೆ ತಟ್ಟುವ ಸಭೆಯೂ ಪ್ರಶ್ನೆ ಕೇಳಬೇಕು.

ಇನ್ನೊಂದು ಕೆಟ್ಟ ರೂಢಿ, ಪ್ರತಿ ಫ್ರೇಮಿಗೂ ಕಾಂಟ್ರಾಸ್ಟನ್ನು ತಂತ್ರಾಂಶಕ್ಕೇ ಬಿಟ್ಟುಬಿಡುವುದು. ಬೆಳಕು ತಾಗಿ ತಾಗಿ ಪ್ರತಿದೀಪ್ತಿ ಮಾಸುತ್ತಿದ್ದರೂ ಪರದೆಯಲ್ಲಿ ಕೋಶ ಕೊನೆಯವರೆಗೂ ಹೊಳೆಯುತ್ತಿರುತ್ತದೆ. ಮೊದಲ ಫ್ರೇಮಿಗೆ ಇಟ್ಟ ಮಿತಿಯನ್ನೇ ಕೊನೆಯದಕ್ಕೂ ಇಡಬೇಕು. ಮಾಸಿದ್ದು ಮಾಸಿದಂತೆಯೇ ಕಾಣಲಿ.

ಕಡತ ಚಿಕ್ಕದಾಗಲೆಂದು ಎಂಪಿ4 ಮಾಡಿದಾಗ ಮಂಕಾದ ಸಣ್ಣ ಚುಕ್ಕೆಗಳು ಅಳಿಸಿಹೋಗಬಹುದು. ಭಾಷಣಕ್ಕೆ ಅದು ಸಾಕು, ಅಳತೆಗೆ ಸಾಲದು. ಡಿಸ್ಕಿನಲ್ಲಿ ಜಾಗ ಸಾಲದಾದಾಗ ಮೊದಲು ಅಳಿಸುವುದು ಮೂಲ ಸ್ಟ್ಯಾಕನ್ನೇ. ಅದು ಹೋದ ಮೇಲೆ, ಆ ಕೋಶವನ್ನು ಮತ್ತೆ ಅಳೆಯಬಯಸುವವರ ಕೈಗೆ ಸಿಗುವುದು ಭಾಷಣದ ವಿಡಿಯೊ ಮಾತ್ರ.