ಕಿವಿಯೊಳಗಿನ ಯಂತ್ರ, ಕೊರಳಿನ ತಾಯಿತ

ಪೀಟರ್ ಪೊಪೊಫ್ ಎಂಬ ಅಮೆರಿಕದ ಬೋಧಕನೊಬ್ಬ ರೋಗಶಾಂತಿ ಸಭೆಗಳಲ್ಲಿ ಅಪರಿಚಿತರನ್ನು ಹೆಸರು ಹಿಡಿದು ಕರೆಯುತ್ತಿದ್ದ. ಅವರ ಮನೆಯ ವಿಳಾಸವನ್ನೂ ಕಾಯಿಲೆಯನ್ನೂ ಹೇಳುತ್ತಿದ್ದ. ದೇವರೇ ಈತನಿಗೆ ಎಲ್ಲವನ್ನೂ ತಿಳಿಸುತ್ತಿದ್ದಾನೆಂದು ಜನರು ನಂಬಿ ಕಣ್ಣೀರಿಡುತ್ತಿದ್ದರು. 1986ರಲ್ಲಿ ಜೇಮ್ಸ್ ರಾಂಡಿ ಎಂಬ ಜಾದೂಗಾರ ಮತ್ತು ಆತನ ಸಂಗಡಿಗರು ರೇಡಿಯೋ ಸಂಕೇತ ಹಿಡಿಯುವ ಉಪಕರಣದೊಂದಿಗೆ ಆ ಸಭೆಗೆ ಹೋದರು. ಅದರಲ್ಲಿ ಕೇಳಿಸಿದ್ದು ಪೊಪೊಫ್‌ನ ಪತ್ನಿಯ ಧ್ವನಿ. ಸಭೆಗೆ ಮುಂಚೆ ಜನರು ಬರೆದುಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಆಕೆ ಓದುತ್ತಿದ್ದಳು. ಗಂಡನ ಕಿವಿಯೊಳಗಿದ್ದ ಪುಟ್ಟ ಯಂತ್ರ ಅದನ್ನು ಅವನಿಗೆ ತಲುಪಿಸುತ್ತಿತ್ತು. ಈ ಧ್ವನಿಮುದ್ರಿಕೆ ಅಮೆರಿಕದ ಜನಪ್ರಿಯ ಟಿ.ವಿ. ಕಾರ್ಯಕ್ರಮದಲ್ಲಿ ಪ್ರಸಾರವಾಯಿತು. ಮರುವರ್ಷ ಪೊಪೊಫ್ ದಿವಾಳಿ ಘೋಷಿಸಿಕೊಂಡ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮುಂದೆ ಆತ ಅದೇ ಟಿ.ವಿ. ಪರದೆಗೆ ಮರಳಿದ, ಈ ಬಾರಿ ಪವಾಡದ ನೀರಿನ ಪೊಟ್ಟಣದೊಂದಿಗೆ. ನೀರು ಉಚಿತ, ಬಳಿಕ ಬರುವ ಪತ್ರಗಳು ಕಾಣಿಕೆ ಕೇಳುತ್ತವೆ.

ಬಯಲಾದ ಮೋಸಗಾರನಿಗೂ ಗಿರಾಕಿಗಳು ಯಾಕೆ ಸಿಗುತ್ತಾರೆ? ಮೂಢರು ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಕಾಯಿಲೆಯ ಮಗುವನ್ನು ಹೆಗಲಿಗೇರಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ತಾಯಿ ಮೂಢಳಲ್ಲ, ದಿಕ್ಕು ಕಾಣದವಳು. ಈ ವ್ಯಾಪಾರದ ಬಂಡವಾಳವೇ ಆಕೆಯ ನಿಸ್ಸಹಾಯಕತೆ.

ಪೆಂಟೆಕೋಸ್ಟಲ್ ಪಂಥದ ಚರಿತ್ರೆ ಮೋಸದಿಂದ ಆರಂಭವಾದುದಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ಆ ಪುನರುಜ್ಜೀವನಕ್ಕೆ ನೇತೃತ್ವ ನೀಡಿದ ವಿಲಿಯಂ ಸೀಮರ್ ಗುಲಾಮಗಿರಿಯಿಂದ ಬಿಡುಗಡೆಗೊಂಡವರ ಮಗ. ವರ್ಣಭೇದ ತಾಂಡವವಾಡುತ್ತಿದ್ದ ಆ ಕಾಲದಲ್ಲಿ ಅಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಪ್ರಾರ್ಥಿಸಿದರು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದೇ ಪರಂಪರೆಯಲ್ಲಿ ದೊಡ್ಡ ಡೇರೆಗಳು ಎದ್ದವು, ರೋಗಶಾಂತಿ ಪ್ರದರ್ಶನವಾಯಿತು. ಆ ಡೇರೆಗಳ ಪ್ರಸಿದ್ಧ ಬೋಧಕ ಜಾಕ್ ಕೋ. 1956ರಲ್ಲಿ ಮಯಾಮಿಯಲ್ಲಿ ಪೋಲಿಯೋ ಪೀಡಿತ ಬಾಲಕನೊಬ್ಬ ಗುಣಹೊಂದಿದನೆಂದು ಹೇಳಿ, ಕಾಲಿನ ಆಧಾರಪಟ್ಟಿಗಳನ್ನು ಬಿಚ್ಚಿಸಲಾಯಿತು. ಬಾಲಕ ಗುಣಹೊಂದಿರಲಿಲ್ಲ. ಪರವಾನಗಿಯಿಲ್ಲದೆ ವೈದ್ಯ ಮಾಡಿದ ಆರೋಪದಲ್ಲಿ ಕೋ ನ್ಯಾಯಾಲಯದ ಮೆಟ್ಟಿಲೇರಿದರೂ ಪ್ರಕರಣ ವಜಾ ಆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಮೂವತ್ತೆಂಟರ ಹರೆಯದಲ್ಲಿ, ಕೋ ತೀರಿಕೊಂಡ. ಕಾರಣ ಪೋಲಿಯೋ. ಇದನ್ನು ದೈವಶಿಕ್ಷೆಯೆಂದು ಸಂಭ್ರಮಿಸಲು ನಾವು ಸಿದ್ಧರಿಲ್ಲ. ರೋಗ ಬೋಧಕನನ್ನೂ ಬಾಲಕನನ್ನೂ ಒಂದೇ ರೀತಿಯಲ್ಲಿ ಕಾಣುತ್ತದೆ ಎಂಬುದಷ್ಟೇ ಇದರ ಅರ್ಥ.

ನಮ್ಮ ನಾಡಿಗೂ ಈ ಪ್ರದರ್ಶನ ಬಂದಿತ್ತು. 2005ರ ಜನವರಿಯಲ್ಲಿ ಬೆನ್ನಿ ಹಿನ್ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ಸಭೆ ನಡೆಸಿದಾಗ ಜನಸಾಗರ ಸೇರಿತ್ತು, ಪ್ರತಿಭಟನೆಗಳೂ ನಡೆದಿದ್ದವು. ಇಲ್ಲೊಂದು ಎಚ್ಚರಿಕೆ ಅಗತ್ಯ. ಪವಾಡದ ವ್ಯಾಪಾರವನ್ನು ಟೀಕಿಸುವುದು ಬೇರೆ, 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ಕಲ್ಲು, ದೊಣ್ಣೆ ಹಿಡಿದು ನುಗ್ಗಿದವರ ರಾಜಕೀಯ ಬೇರೆ. ಅವರಿಗೆ ರೋಗಿಯ ಚಿಂತೆ ಇರಲಿಲ್ಲ. ಅಂತಹವರ ಬಾಯಿಗೆ ಹೊಸ ಮಾತು ತುರುಕುವ ಉದ್ದೇಶ ನಮ್ಮದಲ್ಲ.

ಮೇಲಾಗಿ, ಇಷ್ಟನ್ನು ಓದಿ ನಸುನಗುತ್ತಿರುವ ಮುಸ್ಲಿಮ್ ಓದುಗರು ತುಸು ತಾಳಬೇಕು. ಪೊಪೊಫ್‌ನ ನೀರಿನ ಪೊಟ್ಟಣ ಕಂಡು ನಗುವ ನಮ್ಮ ಮನೆಗಳ ಕಪಾಟಿನಲ್ಲಿ ಮಂತ್ರಿಸಿದ ನೀರಿನ ಬಾಟಲಿ ಇಲ್ಲವೇ? ಮಗುವಿಗೆ ಅಪಸ್ಮಾರ ಬಂದರೆ ಜಿನ್ನ್ ಹಿಡಿದಿದೆಯೆಂದು ತಾಯಿತ ಕಟ್ಟುವವರು, ಸೊಸೆಗೆ ಮಕ್ಕಳಾಗದಿದ್ದರೆ ಯಾರೋ ಸಿಹ್ರ್ ಮಾಡಿಸಿದ್ದಾರೆಂದು ನೆರೆಮನೆಯತ್ತ ಬೆರಳು ತೋರಿಸುವವರು ಯಾವ ಸಮುದಾಯದವರು? ಬಂದವರ ಊರು, ಸಂಕಟಗಳನ್ನು ಹೊರಗಿನ ಬೆಂಚಿನಲ್ಲೇ ಸಹಾಯಕನಿಂದ ವಿಚಾರಿಸಿಕೊಂಡು, ಒಳಗೆ ಅದನ್ನೇ 'ಕಂಡು ಹೇಳುವ' ಬಾಬಾಗಳಿಗೆ ಕಿವಿಯ ಯಂತ್ರವೂ ಬೇಕಾಗಿಲ್ಲ.

2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಏನಾಯಿತೆಂಬುದನ್ನು ಸಮುದಾಯ ಮರೆತಂತಿದೆ. ದರ್ಗಾದ ಹೆಸರು ನಂಬಿ ಬಂದ ಮಾನಸಿಕ ರೋಗಿಗಳನ್ನು ಇರಿಸಿಕೊಳ್ಳುವ ಖಾಸಗಿ ಆಶ್ರಯಗಳು ಅಲ್ಲಿದ್ದವು. ಅಂತಹ ಒಂದು ಹುಲ್ಲು ಛಾವಣಿಯ ಆಶ್ರಯಕ್ಕೆ ಬೆಂಕಿ ಬಿದ್ದಾಗ ರೋಗಿಗಳು ಸರಪಳಿಯಲ್ಲಿದ್ದರು. ಓಡುವುದು ಹೇಗೆ? 28 ಮಂದಿ ಸತ್ತರು. ಸುಪ್ರೀಮ್ ಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು, ಸರಕಾರ ಅಂತಹ ಆಶ್ರಯಗಳನ್ನು ಮುಚ್ಚಿಸಿತು. ಸರಪಳಿ ಹಾಕಿದವರ ಮೇಲೆ ಕಾನೂನು ಕ್ರಮ ಆಗಬಹುದು. ಆದರೆ ಅವರನ್ನು ಅಲ್ಲಿಗೆ ಕರೆದೊಯ್ದ ನಂಬಿಕೆಯನ್ನು ಪೋಷಿಸಿದವರು ಯಾರು? ಅದನ್ನು ಕಂಡೂ ಮಿಂಬರ್‌ನಲ್ಲಿ ಮೌನ ವಹಿಸಿದವರು ಯಾರು?

ಈಸಾ(ಅ) ಅವರು ಅಲ್ಲಾಹನ ಅನುಮತಿಯಿಂದ ಹುಟ್ಟುಕುರುಡರನ್ನೂ ಕುಷ್ಠರೋಗಿಗಳನ್ನೂ ಗುಣಪಡಿಸಿದರೆಂದು ನಾವು ನಂಬುತ್ತೇವೆ. ಅವರು ಅದಕ್ಕೆ ದರಪಟ್ಟಿ ಇಟ್ಟಿರಲಿಲ್ಲ. ಪ್ರವಾದಿ ಮುಹಮ್ಮದ್(ಸ) ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಮಗುವಿನ ಸಾವಿಗಾಗಿ ಸೂರ್ಯನೇ ಕಂದಿದನೆಂದು ಜನರು ಆಡಿಕೊಂಡರು. ಪವಾಡವೊಂದು ಕೇಳದೆಯೇ ಕೈಗೆ ಬಂದಿತ್ತು! ಆದರೆ ಪುತ್ರಶೋಕದ ನಡುವೆಯೂ ಪ್ರವಾದಿಯವರು ಜನರ ಮುಂದೆ ನಿಂತು, ಯಾರ ಹುಟ್ಟುಸಾವಿಗೂ ಗ್ರಹಣ ಹಿಡಿಯದು ಎಂದು ತಿದ್ದಿದರು. ಅವರು ಸ್ವತಃ ಚಿಕಿತ್ಸೆ ಪಡೆದರು, ಚಿಕಿತ್ಸೆ ಪಡೆಯುವಂತೆ ಅನುಯಾಯಿಗಳಿಗೂ ಹೇಳಿದರು. ರೋಗಿಯ ಬಳಿ ಕುಳಿತು ಕುರ್‌ಆನ್ ಪಠಿಸಿ ಅಲ್ಲಾಹನಲ್ಲಿ ಬೇಡುವುದನ್ನು ಯಾರೂ ನಿಷೇಧಿಸುತ್ತಿಲ್ಲ. ಅದಕ್ಕೆ ಬಾಬಾನ ಚೀಟಿ ಬೇಡ, ಮನೆಯವರೇ ಸಾಕು. ಔಷಧಿ ನಿಲ್ಲಿಸಿ ಎನ್ನುವವನು, ಖಚಿತ ಫಲಿತಾಂಶದ ಭರವಸೆ ಕೊಡುವವನು, ಹಣ ಮೊದಲು ಕೇಳುವವನು, ಆತನ ಹೆಸರಿನ ಮುಂದೆ ಪಾಸ್ಟರ್ ಎಂದಿರಲಿ, ತಂಙಳ್ ಎಂದಿರಲಿ, ಅವನು ವ್ಯಾಪಾರಿಯೇ.

ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯ್ದೆ 1954ರಲ್ಲೇ ಬಂದಿದೆ. ಕರ್ನಾಟಕ 2017ರಲ್ಲಿ ಅಮಾನವೀಯ ಆಚರಣೆ ಮತ್ತು ವಾಮಾಚಾರದ ವಿರುದ್ಧ ಮಸೂದೆ ಅಂಗೀಕರಿಸಿತು. ಕಾನೂನನ್ನು ಜಾರಿಗೊಳಿಸುವುದು ಸರಕಾರದ ಹೊಣೆ, ನಿಜ. ಆದರೆ ಜಮಾಅತ್ ಸಮಿತಿಗಳ ಹೊಣೆ ಯಾವುದು? ಗಡಿಯಾರ ದುರಸ್ತಿಗೂ ಕಾರ್ಪೆಟ್ ಬಣ್ಣಕ್ಕೂ ಗಂಟೆಗಟ್ಟಲೆ ಸಭೆ ಸೇರುವ ನಮ್ಮ ಸಮಿತಿಗಳು, ಮೂರ್ಛೆರೋಗದ ಬಡ ಮಗುವಿನ ಮಾತ್ರೆಯ ಖರ್ಚಿಗೆ ಝಕಾತ್ ನಿಧಿಯಿಂದ ಹಣ ತೆಗೆದಿರಿಸಲು ಒಂದು ಸಂಜೆ ಕುಳಿತುಕೊಳ್ಳಲಿ. ಮಸೀದಿಯ ಗೇಟಿನಲ್ಲಿ ಅಂಟಿಸಿರುವ 'ಏಳು ದಿನಗಳಲ್ಲಿ ಪರಿಹಾರ' ಎಂಬ ಭಿತ್ತಿಪತ್ರವನ್ನು ಹರಿದು ಹಾಕಲಂತೂ ಸಭೆಯೂ ಬೇಕಾಗಿಲ್ಲ.