ಮಳೆಗೆ ಮುಂಚೆ ಕೆರೆಯ ಹಳ್ಳ ಬಿಡಿಸಿಕೊಡಲು ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಚಿತ್ರದುರ್ಗ ಜಿಲ್ಲೆ, ಚಿತ್ರದುರ್ಗ.

ಇವರಿಂದ,
ನಾಯಕನಹಟ್ಟಿ ಹೋಬಳಿಯ ಮಳೆಯಾಶ್ರಿತ ರೈತರು, ಕುರಿಗಾಹಿಗಳು ಮತ್ತು ಕೂಲಿಕಾರರು, ಚಳ್ಳಕೆರೆ ತಾಲ್ಲೂಕು.

ವಿಷಯ: ಬರ ಪರಿಹಾರದ ಹಣದಲ್ಲಿ ಒಂದು ಪಾಲನ್ನು ಮಳೆಗಾಲಕ್ಕೆ ಮುಂಚೆಯೇ ಕೆರೆ, ಮೇವು, ಬಿತ್ತನೆಗೆ ತೊಡಗಿಸುವ ಬಗ್ಗೆ.

ಮಾನ್ಯರೇ,

ನಮ್ಮ ತಾಲ್ಲೂಕಿಗೆ ಬರ ಹೊಸದಲ್ಲ. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆ, ಅದೂ ನಾಲ್ಕಾರು ಜೋರು ಮಳೆಯಲ್ಲೇ ಬಂದು ಮುಗಿಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಯಿತು. ಬೇರೆ ಸೀಮೆಗಳಿಗೆ ಅದು ಆಘಾತ, ನಮಗೆ ಕಂಡುಂಡ ಪಾಡು. ಹೀಗೆ ಬರುವುದು ಗೊತ್ತಿದ್ದರೂ ಟ್ಯಾಂಕರ್, ಗೋಶಾಲೆ, ಬೆಳೆ ನಷ್ಟದ ಸರ್ವೆ ಎಲ್ಲವೂ ಶುರುವಾಗುವುದು ಪೈರು ಒಣಗಿದ ಮೇಲೆಯೇ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹದವಾಗಿ ಮಳೆ ಸುರಿಯಿತು. ಕೆರೆ ತುಂಬಿರಬಹುದೆಂದು ಬೆಳಕು ಹರಿಯುವ ಮುಂಚೆಯೇ ಏರಿ ಹತ್ತಿ ನೋಡಿದೆವು. ಅಂಗಳದ ನಡುವೆ ಮೊಣಕಾಲುದ್ದ ಕೆಂಪು ನೀರು, ಅಷ್ಟೇ. ಕೆರೆಗೆ ನೀರು ತರುವ ಹಳ್ಳದ ಗುಂಟ ನಡೆದು ಹೋದಾಗ ಕಾರಣ ಸಿಕ್ಕಿತು: ಅರ್ಧ ದಾರಿಯವರೆಗೆ ಬಳ್ಳಾರಿ ಜಾಲಿ ಹೆಣೆದುಕೊಂಡಿತ್ತು. ಅದರಾಚೆ ರಸ್ತೆಯಡಿ ಹಾಕಿದ ಮೋರಿ ಪೈಪು ಹಳ್ಳದ ತಳಕ್ಕಿಂತ ಒಂದು ಮೊಳ ಮೇಲಿತ್ತು. ನೀರು ರಸ್ತೆಯ ಪಕ್ಕಕ್ಕೇ ತಿರುಗಿ, ಯಾರದೋ ಹೊಲದ ಬದು ಕಿತ್ತುಕೊಂಡು ಹೋಗಿತ್ತು. ಅದೇ ಕೆರೆಯಲ್ಲಿ ಎರಡು ವರ್ಷದ ಹಿಂದೆ ಹೂಳೆತ್ತಿದ್ದರು. ಬರುವ ನೀರಿಗೆ ದಾರಿಯೇ ಇಲ್ಲದಿದ್ದರೆ ಹೂಳೆತ್ತಿ ಏನು ಫಲ?

ಆದ್ದರಿಂದ ನಮ್ಮ ಮೊದಲ ಬೇಡಿಕೆ ಇದು. ಹೋಬಳಿಯ ಪ್ರತಿ ಕೆರೆಗೂ ಗೋಕಟ್ಟೆಗೂ ನೀರು ತರುವ ಹಳ್ಳಗಳನ್ನು ಊರಿನ ಹಿರಿಯರ ಸಮಕ್ಷಮ ಅಳೆಸಿ, ಕಲ್ಲು ನೆಡಿಸಿ, ಒತ್ತುವರಿ ತೆರವು ಮಾಡಿಸಬೇಕು. ಮೇ ತಿಂಗಳೊಳಗೆ ಜಾಲಿ ಕಡಿಸಿ, ಮೋರಿಗಳನ್ನು ತಗ್ಗಿಸಬೇಕು. ಹೂಳೆತ್ತುವ ಕೆಲಸ ಅದರ ನಂತರ ಬರಲಿ. ಎತ್ತಿದ ಗೋಡು ನಮ್ಮ ಹೊಲಗಳಿಗೆ ಬರಲಿ.

ಈ ಕೆಲಸವನ್ನು ಯಂತ್ರಗಳಿಗೆ ಕೊಡದೆ ಇಲ್ಲಿನ ಕೈಗಳಿಗೆ ಕೊಡಿ. ಕೆರೆ ಕಟ್ಟಿಸಿದವರೆಂದು ನಾವು ನಡೆದುಕೊಳ್ಳುವ ತಿಪ್ಪೇರುದ್ರಸ್ವಾಮಿಗಳ ಊರಿದು. "ಮಾಡಿದಷ್ಟು ನೀಡು ಭಿಕ್ಷೆ" ಎಂಬುದು ಅವರ ಮಾತು. ಉದ್ಯೋಗ ಖಾತ್ರಿಯ ಕೂಲಿಯನ್ನು 15 ದಿನದೊಳಗೆ ಕೊಡಬೇಕೆಂದು 2005ರ ಕಾಯ್ದೆಯೂ ಹೇಳಿತ್ತು. ಕೂಲಿ ತಿಂಗಳುಗಟ್ಟಲೆ ತಡವಾದಾಗಲೇ ನಮ್ಮ ಹುಡುಗರು ಬೆಂಗಳೂರಿನ ಬಸ್ ಹತ್ತುತ್ತಾರೆ.

ಮೇವಿನ ವಿಷಯ. ಶೇಂಗಾ ಹೊಟ್ಟು, ಜೋಳದ ಸೊಪ್ಪೆ ಅಗ್ಗವಾಗಿ ಸಿಗುವ ಸುಗ್ಗಿಯಲ್ಲೇ ಕೊಂಡು, ಪಂಚಾಯಿತಿಗೊಂದು ಮೇವಿನ ಬಣವೆ ಒಟ್ಟಿಸಿ. ಮ್ಯಾಸಬೇಡರ ದೇವರ ಎತ್ತುಗಳ ಬಗ್ಗೆ ಪ್ರತ್ಯೇಕವಾಗಿ ಕೇಳಿಕೊಳ್ಳುತ್ತೇವೆ. ಅವುಗಳನ್ನು ಮಾರುವಂತಿಲ್ಲ, ಉಳುಮೆಗೆ ಹೂಡುವಂತಿಲ್ಲ. ಕಾಯುವ ಕಿಲಾರಿಗಳು ಅವನ್ನು ಬಿಟ್ಟು ಕದಲುವವರಲ್ಲ. ದೂರದ ಗೋಶಾಲೆಗೆ ಹೊಡೆದುಕೊಂಡು ಬನ್ನಿ ಎಂದರೆ ಆಗದ ಮಾತು. ಮೇವು, ನೀರು ರೊಪ್ಪದ ಹತ್ತಿರಕ್ಕೇ ಬರಬೇಕು. ಅಮೃತಮಹಲ್ ಕಾವಲಿನಲ್ಲಿ ಸಾವಿರಾರು ಎಕರೆ ಸಂಸ್ಥೆಗಳ ಪಾಲಾಗಿದೆ. ಉಳಿದ ಹುಲ್ಲುಗಾವಲಿನಲ್ಲಿ ಇನ್ನೊಂದು ಗುಂಟೆಯೂ ಕೈಬಿಟ್ಟು ಹೋಗದಂತೆ ತಾವು ನೋಡಿಕೊಳ್ಳಬೇಕು.

ಶೇಂಗಾ ಒಂದನ್ನೇ ನಂಬಿ ನಾವೂ ತಪ್ಪು ಮಾಡಿದ್ದೇವೆ, ಒಪ್ಪುತ್ತೇವೆ. ಸಾಮೆ, ನವಣೆ, ಕೊರಲೆ ಕಡಿಮೆ ಮಳೆಗೂ ಒಂದಿಷ್ಟು ಕಾಳು, ದನಕ್ಕೆ ಹುಲ್ಲು ಕೊಡುತ್ತವೆ. ಶೇಂಗಾದ ನಡುವೆ ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕಿದವರ ಮನೆಗೆ ಬರದ ವರ್ಷವೂ ಒಂದು ಚೀಲವಾದರೂ ಬಂದಿದೆ. ಹೋಬಳಿಯಲ್ಲೇ ಬೀಜ, ಸಿಪ್ಪೆ ಬಿಡಿಸುವ ಯಂತ್ರ, ಬೆಂಬಲ ಬೆಲೆಯ ಖರೀದಿ ಸಿಕ್ಕರೆ ಮತ್ತೆ ಬಿತ್ತಲು ಸಿದ್ಧರಿದ್ದೇವೆ. ಸಾವಿರ ಅಡಿ ಕೊರೆಸಿ ಬರೀ ದೂಳು ಕಂಡವರು ನಮ್ಮಲ್ಲಿ ಬಹಳ ಜನ. ಇನ್ನಷ್ಟು ಬೋರ್‌ವೆಲ್ ನಾವು ಕೇಳುತ್ತಿಲ್ಲ. ಕೃಷಿ ಹೊಂಡಕ್ಕೆ ಹೊದಿಕೆಯ ಸಹಾಯಧನ ಸಕಾಲಕ್ಕೆ ಕೊಡಿ, ಸಾಕು.

ಯುಗಾದಿಯೊಳಗೆ ತಾವು ಖುದ್ದಾಗಿ ಬಂದು ನಮ್ಮೊಂದಿಗೆ ಆ ಹಳ್ಳದಲ್ಲಿ ನಡೆಯಬೇಕೆಂದು, ಅಲ್ಲೇ ಸಂಬಂಧಪಟ್ಟ ಇಲಾಖೆಗಳ ಸಭೆ ಕರೆಯಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
(ಹೋಬಳಿಯ ಗ್ರಾಮಸ್ಥರ ಸಹಿಗಳು, ಹೆಬ್ಬೆಟ್ಟಿನ ಗುರುತುಗಳು)