ಅಜ್ಜಿಯ ಪರೀಕ್ಷೆಗೆ ನಿಲ್ಲುವ ಚಿತ್ರ

ಹಿಂದೆ ಮದುವೆಯ ಸೀರೆ ಕೊಳ್ಳುವುದೆಂದರೆ ಅದೊಂದು ಚಿಕ್ಕ ನ್ಯಾಯಸ್ಥಾನದ ಕಲಾಪವೇ ಸರಿ. ಅಂಗಡಿಯ ಬಿಳಿಯ ಹಾಸಿನ ಮೇಲೆ ಸಾಹುಕಾರರು ಸೀರೆಯನ್ನು ಬಿಡಿಸಿ ಹರಡುವರು. ಹುಡುಗಿಯರು ಬಣ್ಣಕ್ಕೆ ಮರುಳಾಗುವರು. ಮನೆಯ ಯಜಮಾನರು ಬೆಲೆಯ ಚೀಟಿಯನ್ನು ಹುಡುಕುವರು. ತೀರ್ಪು ಕೊಡತಕ್ಕವರು ಮಾತ್ರ ಅಜ್ಜಿ. ಅವರು ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜುವರು. ಸೆರಗನ್ನು ತಿರುವಿ ಹಿಂಬದಿಯ ನೂಲನ್ನು ನೋಡುವರು. ಕೊನೆಗೆ ಸೀರೆಯನ್ನು ಬಾಗಿಲ ಬಳಿಗೆ ಒಯ್ದು ಹಗಲ ಬೆಳಕಿಗೆ ಹಿಡಿಯುವರು. ಅಂಗಡಿಯ ದೀಪದಲ್ಲಿ ನೇರಳೆಯಾಗಿದ್ದುದು ಬಾಗಿಲಲ್ಲಿ ಕಂದಾಗಿ ಕಂಡರೆ ಆ ಸೀರೆಯ ಕಥೆ ಅಲ್ಲಿಗೆ ಮುಗಿಯಿತು.

ಈಗ ಅಂಗಡಿಯೇ ಅಂಗೈಯೊಳಗೆ ಬಂದಿದೆ. ಕೊಳ್ಳೇಗಾಲದ ಮಗ್ಗದ ಮನೆಯಲ್ಲಿ ನೆಯ್ದ ರೇಷ್ಮೆ ಸೀರೆಯನ್ನು ಬೆಂಗಳೂರಿನ ಗೃಹಿಣಿಯೊಬ್ಬರು ಇನ್‌ಸ್ಟಾಗ್ರಾಂ, ವಾಟ್ಸ್‌ಆಪ್‌ಗಳಲ್ಲಿ ಕಂಡು, ಮುಟ್ಟದೆಯೇ ಕೊಳ್ಳಬಹುದು. ಹೀಗಿರುವಾಗ ಅಜ್ಜಿಯ ಮೂರು ಪರೀಕ್ಷೆಗಳಿಗೂ ಉತ್ತರ ಹೇಳಬೇಕಾದುದು ಛಾಯಾಚಿತ್ರವೇ. ಉತ್ತರ ಸುಳ್ಳಾದರೆ ಸೀರೆ ಅಂಚೆಯಲ್ಲಿ ಹಿಂದಿರುಗುತ್ತದೆ. ಅದರೊಡನೆ ಹಲವು ದಿನಗಳ ದುಡಿಮೆಯೂ ಹಾಕಿದ ಬಂಡವಾಳವೂ ಮೂಲೆ ಸೇರುತ್ತವೆ. ದೊಡ್ಡ ಮಳಿಗೆಗೆ ಇದು ಲೆಕ್ಕದ ಒಂದು ಸಾಲು. ಎರಡು ಮಗ್ಗದ ಸಂಸಾರಕ್ಕೆ ಅದೇ ಆ ತಿಂಗಳ ದಿನಸಿ.

ಕೊಳ್ಳೇಗಾಲದ ರೇಷ್ಮೆಗೆ ಹೆಸರಿನ ಕೊರತೆಯಿಲ್ಲ. 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಆಮೇಲೆ ಮೈಸೂರು ಜಿಲ್ಲೆಯೊಡನೆ ಕೂಡಿ, 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿರುವ ಈ ಸೀಮೆಯಲ್ಲಿ ಹಿಪ್ಪುನೇರಳೆಯ ತೋಟವೂ ದೇವಾಂಗ ನೇಕಾರರ ಮಗ್ಗವೂ ಹಳೆಯ ನಂಟರು. ಆದರೆ ನೆಯ್ದ ಊರಿನ ಹೆಸರು ಪೇಟೆಯ ಮಳಿಗೆಯ ಹೆಸರಿನಡಿ ಮರೆಯಾಗುವುದು ನೇಕಾರರ ಹಳೆಯ ಕೊರಗು. ಊರಿನ ಹೆಸರಿಗೆ ಎಷ್ಟು ಬಲವುಂಟೆಂಬುದನ್ನು ಮೈಸೂರು ಸ್ಯಾಂಡಲ್ ಸಾಬೂನೇ ಸಾರುತ್ತದೆ. ಸಿಂಹದ ಒಡಲು, ಆನೆಯ ಮೊಗದ ಶರಭ ಲಾಂಛನವನ್ನು ಹೊತ್ತ ಆ ಪೆಟ್ಟಿಗೆ ಒಂದು ಶತಮಾನದಿಂದ ಮೈಸೂರೆಂಬ ಹೆಸರನ್ನು ಮನೆಮನೆಗೂ ಒಯ್ದಿದೆ. ತನ್ನ ಚಿತ್ರವನ್ನು ತಾನೇ ಬಿತ್ತರಿಸಬಲ್ಲ ನೇಕಾರನಿಗೆ ಇಂದು ಅಂತಹುದೇ ಅವಕಾಶ ಒದಗಿದೆ.

ಚಿತ್ರ ತೆಗೆಯುವ ದಿನದ ಯಶಸ್ಸು ಹಿಂದಿನ ದಿನದ ಕಾಗದದ ಮೇಲೆ ನಿಂತಿರುತ್ತದೆ. ಒಂದು ಸೀರೆಗೆ ಆರು ನೋಟಗಳಾದರೂ ಬೇಕು: ಉದ್ದಕ್ಕೆ ಹರಡಿದ್ದು, ಅಂಚಿನ ಸಮೀಪದೃಶ್ಯ, ಅಗಲ ತಿಳಿಯುವಂತೆ ಪಕ್ಕದಲ್ಲೊಂದು ಅಂಗೈ, ಪೂರ್ತಿ ಸೆರಗು, ಸೆರಗಿನ ಹಿಂಬದಿ, ಉಟ್ಟ ನೋಟ, ಬಾಗಿಲ ಬೆಳಕಿನಲ್ಲಿ ಒಂದು ಮಡಿಕೆ. ನೋಟವೊಂದಕ್ಕೆ ಐದು ನಿಮಿಷವೆಂದರೆ ಎಂಟು ಸೀರೆಗೆ 240 ನಿಮಿಷ, ಎಂದರೆ ನಾಲ್ಕು ತಾಸು. ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು ಎಳೆಬಿಸಿಲು ದೊರೆತರೆ ದಿನದ ಬುತ್ತಿ ಅಷ್ಟೇ. ಇಪ್ಪತ್ತು ಸೀರೆಗಳನ್ನು ಒಂದೇ ದಿನ ಮುಗಿಸಹೊರಟರೆ ಇಪ್ಪತ್ತೂ ಕೆಡುತ್ತವೆ. ಛಾಯಾಗ್ರಾಹಕರ ಸಂಭಾವನೆ ಒಂದು ಮನೆಗೆ ಹೊರೆಯಾದರೆ ನಾಲ್ಕು ಮನೆಯವರು ಕೂಡಿ ಹಂಚಿಕೊಳ್ಳಬಹುದು. ಇಲ್ಲವಾದರೆ ಒಳ್ಳೆಯ ದೂರವಾಣಿಯೊಂದು ಸಾಕು.

ರೇಷ್ಮೆ ಚಂಚಲವಾದ ವಸ್ತು. ಹಾಸಿಗೊಂದು, ಹೊಕ್ಕಿಗೊಂದು ಬಣ್ಣದ ನೂಲನ್ನು ಹಾಕಿ ನೆಯ್ದ ಸೀರೆ ಒಂದು ಮಗ್ಗುಲಿಂದ ಹಸಿರು, ಇನ್ನೊಂದರಿಂದ ಕೆಂಪು. ಅಂತಹುದನ್ನು ಎರಡು ಕೋನಗಳಿಂದಲೂ ತೋರಿಸದಿದ್ದರೆ ಅರ್ಧ ಸತ್ಯವನ್ನೇ ಹೇಳಿದಂತಾಯಿತು. ಎದುರಿನಿಂದ ಬೀಳುವ ಫ್ಲ್ಯಾಶ್ ಬೆಳಕು ಜರಿಯನ್ನು ಬಿಳಿಯ ಕಲೆಯಾಗಿಸುತ್ತದೆ. ಕಿಟಕಿಯ ಪಕ್ಕದ ಬೆಳಕು ನೇಯ್ಗೆಯ ಎಳೆಯನ್ನು ಎತ್ತಿ ತೋರಿಸುತ್ತದೆ. ಎದುರು ಮಗ್ಗುಲಿಗೆ ಬಿಳಿಯ ಪಂಚೆಯೊಂದನ್ನು ಹಿಡಿದರೆ ನೆರಳು ಮೃದುವಾಗುತ್ತದೆ. ತೆಗೆದ ಚಿತ್ರವನ್ನು ಸೀರೆಯ ಪಕ್ಕದಲ್ಲಿಟ್ಟು, ಇನ್ನೊಬ್ಬರ ದೂರವಾಣಿಯಲ್ಲಿಯೂ ನೋಡಿ, ಬಣ್ಣ ಒಪ್ಪಿದ ಮೇಲೆಯೇ ಹೊರಗೆ ಬಿಡತಕ್ಕದ್ದು. ಬಣ್ಣವನ್ನು ಹೊಳಪಿಸುವ ಯಂತ್ರಮಾಯೆಯನ್ನು ನೆಚ್ಚಿದವರು ಬಾಗಿಲ ಬಳಿಯ ಅಜ್ಜಿಗೆ ಉತ್ತರ ಹೇಳಲಾರರು.

ಸ್ಥಳದ ವಿಷಯದಲ್ಲಿ ಉತ್ಸಾಹ ವಿವೇಕವನ್ನು ಮೀರುವುದುಂಟು. ಭರಚುಕ್ಕಿ ಜಲಪಾತ ಹತ್ತಿರವಿದೆಯೆಂದು ರೇಷ್ಮೆಯನ್ನು ಅಲ್ಲಿಗೊಯ್ದರೆ ನೀರಹನಿಯ ಕಲೆಯೇ ಲಾಭ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ, ಕಲ್ಲಿನಲ್ಲಿ ಕಡೆದ ಬಳೆಗಳ ಮುಂದೆ, ಜರಿಯ ಸೆರಗು ಸೊಗಸಾಗಿ ಕಂಡೀತು. ಆದರೆ ಅಲ್ಲಿನ ಅಧಿಕಾರಿಗಳ ಒಪ್ಪಿಗೆ ಪಡೆದ ಬಳಿಕವೇ ಹೆಜ್ಜೆ ಇಡಬೇಕು. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಅನುಮತಿ ಪಡೆಯಬೇಕು. ವ್ಯಾಪಾರದ ಚಿತ್ರಕ್ಕಂತೂ ಮೊದಲೇ ಅರ್ಜಿ ಸಲ್ಲಿಸುವುದು ಕ್ಷೇಮ.

ಇದು ಸೀರೆಗಷ್ಟೇ ಸಲ್ಲುವ ಮಾತಲ್ಲ. ಬೆಟ್ಟದ ಸೋಲಿಗರ ಜೇನಿಗೂ, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನಾ ಕಡ್ಡಿಯಿಂದ ಮಾಡುವ ಕುರ್ಚಿ ಬುಟ್ಟಿಗಳಿಗೂ ಇದೇ ನ್ಯಾಯ. ಕಾಡನ್ನು ಮುತ್ತಿದ ಕಳೆಯನ್ನು ಕಡಿದು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ ಪೀಠೋಪಕರಣ ಮಾಡುವ ಕೈಗಳ ಚಿತ್ರಕ್ಕಿಂತ ದೊಡ್ಡ ಜಾಹೀರಾತು ಇನ್ನಾವುದು? ಆದರೆ ಆ ಕೈಗಳು ಯಾರವೋ ಅವರನ್ನು ಕೇಳಬೇಕು; ಚಿತ್ರ ಎಲ್ಲಿ, ಎಷ್ಟು ಕಾಲ ಬಳಕೆಯಾಗುವುದೆಂಬುದನ್ನು ತಿಳಿಸಿ ಬರೆದ ಒಪ್ಪಿಗೆ ಪಡೆಯಬೇಕು; ಕಳೆದ ಹೊತ್ತಿಗೆ ಕೂಲಿಯನ್ನೂ ಕೊಡಬೇಕು. ಸೀರೆ ಉಟ್ಟು ನಿಂತ ನೆರೆಮನೆಯ ಹೆಣ್ಣುಮಗಳಿಗೂ ಇದೇ ಗೌರವ ಸಲ್ಲಬೇಕು. ಹಬ್ಬದ ಉಡುಗೊರೆಯೆಂದು ತೇಲಿಸಿಬಿಡುವುದು ಸಲ್ಲದು.

ಉಳಿದದ್ದು ಚಿತ್ರದ ಕೆಳಗಿನ ಎರಡು ಸಾಲು. 'ಮೈಸೂರು ಸಿಲ್ಕ್' ಎಂಬ ಹೆಸರಿಗೆ 2005ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಅದರ ನೋಂದಣಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ಆ ಹೆಸರನ್ನು ಎರವಲು ತರುವುದು ತಪ್ಪು ಮಾತ್ರವಲ್ಲ, ಅನಾವಶ್ಯಕವೂ ಹೌದು. ಕೊಳ್ಳೇಗಾಲವೆಂಬ ಹೆಸರೇ ಇರುವಾಗ ಎರವಲೇಕೆ? ರೇಷ್ಮೆ ಅಪ್ಪಟವೆಂಬುದಕ್ಕೆ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಇದೆ. ಅದನ್ನು ಪಡೆದವರು ಚೀಟಿಯನ್ನೇ ಚಿತ್ರದಲ್ಲಿ ತೋರಿಸಬಹುದು. ಜರಿ ಯಾವ ಬಗೆಯದು, ಕೈಮಗ್ಗವೋ ವಿದ್ಯುತ್ ಮಗ್ಗವೋ, ಉದ್ದ ಎಷ್ಟು, ನೆಯ್ಯಲು ಎಷ್ಟು ದಿನ ಹಿಡಿಯಿತು, ಬೆಲೆ ಏನು ಎಂಬುದನ್ನು ಕೇಳುವ ಮೊದಲೇ ಬರೆದರೆ ಕೊಳ್ಳುವವರ ಅರ್ಧ ಸಂಶಯ ನೀಗುತ್ತದೆ.

ಛಾಯಾಚಿತ್ರ ಎಷ್ಟಾದರೂ ಒಂದು ವಾಗ್ದಾನ. ಅಂಚೆಯ ಕಟ್ಟನ್ನು ಬಿಚ್ಚಿದ ಕ್ಷಣದಲ್ಲಿ ಆ ಮಾತನ್ನು ಸೀರೆಯು ನಡೆಸಿಕೊಟ್ಟರೆ, ಮುಂದಿನ ಮದುವೆಗೆ ಆ ಮನೆಯವರು ಮಳಿಗೆಯ ಹೆಸರನ್ನಲ್ಲ, ಊರಿನ ಹೆಸರನ್ನು ಹುಡುಕಿಕೊಂಡು ಬರುತ್ತಾರೆ.